ಬಜ್ಪೆ ಪ್ರಶ್ನೋತ್ತರ: ಮಳೆ, ಕೊಬ್ಬರಿ, ಗಸಗಸೆ, ಬಂಗಾರ

ಜನ ಬಜ್ಪೆ ಎಂದೇ ಕರೆಯುವ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಬಗ್ಗೆ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇಲ್ಲಿವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಜುಲೈಯಲ್ಲಿ ಮುಂಬಯಿಯಿಂದ ಬರುವಾಗ ವಿಮಾನ ಬಜ್ಪೆಯ ಮೇಲೆ ಎರಡು ಸುತ್ತು ಹೊಡೆದು ಬೆಂಗಳೂರಿಗೆ ಹೋಯಿತು. ಮನೆಗೆ ಫೋನ್ ಮಾಡಿದರೆ ಪೇಟೆಯಲ್ಲಿ ಮಳೆಯೇ ಇಲ್ಲ ಅಂದರು. ಪೈಲಟ್‌ಗೆ ಧೈರ್ಯ ಸಾಲಲಿಲ್ಲವೇ? — ಮೂಡುಬಿದಿರೆ

ಉತ್ತರ: ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ನಿಂತು ಬಜ್ಪೆಯ ಆಕಾಶ ಹೇಳಲಾಗದು. ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲೆ. ಪೇಟೆಯವರಿಗೆ ತಲೆಯ ಮೇಲೆ ಹಾದುಹೋಗುವ ಮೋಡವೇ ಅಲ್ಲಿ ರನ್‌ವೇ ಮೇಲೆ ಕುಳಿತಿರುತ್ತದೆ. ಆಷಾಢದಲ್ಲಿ ಮಳೆ ನಿಂತು ಹತ್ತು ನಿಮಿಷ ಕಳೆದ ಮೇಲೂ ಕಣಿವೆಯಿಂದ ಎದ್ದ ಮೋಡ ಗುಡ್ಡವನ್ನು ಬಿಡುವುದಿಲ್ಲ.

ಇಲ್ಲಿ ದೊಡ್ಡ ವಿಮಾನಗಳು ಇಳಿಯುವುದು 2006ರಲ್ಲಿ ಬಳಕೆಗೆ ಬಂದ 2,450 ಮೀಟರ್ ಉದ್ದದ ರನ್‌ವೇಯಲ್ಲಿ. ಅದರ ಹೆಸರು 06/24. ಅಂದರೆ ಒಂದು ಕಡೆಯಿಂದ ಇಳಿದರೆ ಮೂಗು ದಿಕ್ಸೂಚಿಯ 60 ಡಿಗ್ರಿ ಕಡೆಗೆ, ಇನ್ನೊಂದು ಕಡೆಯಿಂದ ಇಳಿದರೆ 240 ಡಿಗ್ರಿ ಕಡೆಗೆ. ಮಳೆಗಾಲದ ಗಾಳಿ ಸಮುದ್ರದ ಕಡೆಯಿಂದ ಬೀಸುವುದರಿಂದ ಒಳನಾಡಿನಿಂದ ಬಂದು ಸಮುದ್ರಕ್ಕೆ ಮುಖಮಾಡಿ, ಎದುರು ಗಾಳಿಗೆ ಇಳಿಯುವುದು ಕ್ಷೇಮ. ದಾರಿ ತೋರಿಸುವ ಐಎಲ್‌ಎಸ್ ಉಪಕರಣವೂ ಈ 24ರ ಕಡೆಗೇ ಇದೆ. ಕ್ಯಾಟಗರಿ–1 ಐಎಲ್‌ಎಸ್‌ನಲ್ಲಿ ಪೈಲಟ್ ಸಾಮಾನ್ಯವಾಗಿ 200 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ರನ್‌ವೇ ದೀಪಗಳನ್ನು ಕಣ್ಣಾರೆ ನೋಡಿರಬೇಕು. ಗುಡ್ಡ–ಕಣಿವೆಯ ಜಾಗದಲ್ಲಿ ಮಿತಿ ಇನ್ನೂ ಬಿಗಿ. ಕಾಣಲಿಲ್ಲವೆಂದರೆ ಎಂಜಿನ್‌ಗೆ ಬಲ ಕೊಟ್ಟು ಮೇಲೇರಲೇಬೇಕು, ಇನ್ನೈದು ಸೆಕೆಂಡ್ ನೋಡೋಣ ಎನ್ನುವಂತಿಲ್ಲ. ಹವೆ ಸುಧಾರಿಸದಿದ್ದರೆ ಸಾಮಾನ್ಯವಾಗಿ ಎರಡು ಪ್ರಯತ್ನಕ್ಕೆ ನಿಲ್ಲಿಸುತ್ತಾರೆ. ಬೆಂಗಳೂರು, ಕಲ್ಲಿಕೋಟೆ ಅಥವಾ ಕೊಚ್ಚಿಗೆ ಹೋಗಲು ಬೇಕಾದ ಇಂಧನಕ್ಕೆ ಕೈಹಾಕುವಂತಿಲ್ಲ.

ಬಯಲುಸೀಮೆಯ ನಿಲ್ದಾಣದಲ್ಲಿ ರನ್‌ವೇ ದಾಟಿದ ವಿಮಾನ ಗದ್ದೆಯಲ್ಲಿ ಹೂತು ನಿಲ್ಲಬಹುದು. ಇಲ್ಲಿ ಎರಡೂ ತುದಿಯಲ್ಲಿ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ಬೋಯಿಂಗ್ 737 ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಮುಂದೆ ನೆಲ ಮುಟ್ಟಿತು. ಉಳಿದದ್ದು 2,800 ಅಡಿಯಷ್ಟೇ. ಕೆಂಜಾರು ಕಡೆಯ ಕಣಿವೆಗೆ ಬಿದ್ದು ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ಸತ್ತರು. ಅಂದು ಮಳೆಯೂ ಇರಲಿಲ್ಲ, ಮಂಜೂ ಇರಲಿಲ್ಲ. ಇಳಿಯುವ ಕೋನ ತಪ್ಪಿದೆ, ಮೇಲೇರಿ ಎಂದು ಸಹಪೈಲಟ್ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲವೆಂದು ವಿಚಾರಣಾ ನ್ಯಾಯಾಲಯ ದಾಖಲಿಸಿದೆ. ಹಾಗಾಗಿ ಎರಡು ಸುತ್ತು ಹೊಡೆದು ಬೆಂಗಳೂರಿಗೆ ಹೋದವರನ್ನು ಧೈರ್ಯ ಸಾಲದವರು ಎನ್ನಲು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಹಾಗೆ ಬೆಂಗಳೂರಿಗೆ ಒಯ್ದರೆ ಊಟ, ರೂಮು, ಪರಿಹಾರ ಯಾರು ಕೊಡಬೇಕು? — ಕಾರ್ಕಳ, ಪುತ್ತೂರು

ಉತ್ತರ: ಹಣದ ಪರಿಹಾರವೇ ಬೇರೆ, ಉಪಚಾರವೇ ಬೇರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಲ್ಲಿ ಹವೆ, ಭದ್ರತಾ ಬೆದರಿಕೆ, ವಿಮಾನ ಸಂಚಾರ ನಿಯಂತ್ರಣದ ಅಡಚಣೆ ಇವೆಲ್ಲ ಕಂಪನಿಯ ಕೈಮೀರಿದ ಕಾರಣಗಳು. ಇವಕ್ಕೆ ನಗದು ಪರಿಹಾರವಿಲ್ಲ. ಆದರೆ ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆ ತಡವಾದರೆ ತಿಂಡಿ–ಪಾನೀಯ ಕೊಡಬೇಕು. 6 ಗಂಟೆ ಮೀರುತ್ತದೆ ಎಂದಾದರೆ ಬೇರೆ ವಿಮಾನವೋ ಪೂರ್ತಿ ಹಣವೋ, ಆಯ್ಕೆ ನಿಮ್ಮದು. 24 ಗಂಟೆ ಮೀರಿದರೆ ವಸತಿ ಸಿಗಬೇಕು. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡುವ ವಿಮಾನಕ್ಕೆ 6 ಗಂಟೆ ಮೀರಿದರೂ ಸಾಕು.

ಕಂಪನಿಯದೇ ತಪ್ಪಿನಿಂದ, ಮುಂಚೆ ತಿಳಿಸದೆ ರದ್ದಾದರೆ ಲೆಕ್ಕ ಹೀಗೆ: ಒಂದು ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆವರೆಗೆ 7,500, ಅದಕ್ಕೂ ಹೆಚ್ಚಿಗೆ 10,000. ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುವುದು. ಆದ್ದರಿಂದ ಕೌಂಟರಿನಲ್ಲಿ ಜಗಳ ಮಾಡುವ ಬದಲು 'ರದ್ದತಿಗೆ ಕಾರಣವೇನು' ಎಂಬುದನ್ನು ಬರಹದಲ್ಲಿ ಕೇಳಿ. ಮೊಬೈಲಿಗೆ ಬಂದ ಸಂದೇಶವನ್ನು ಅಳಿಸಬೇಡಿ.

ಬೆಂಗಳೂರಿನಲ್ಲಿ ಇಳಿಸಿದ ಕೂಡಲೇ ಸ್ವಂತ ಟ್ಯಾಕ್ಸಿ ಹಿಡಿದು ಶಿರಾಡಿ ಘಾಟಿ ಇಳಿಯುವವರು ಇದ್ದಾರೆ. ಅವರ ಚೆಕ್‌ಇನ್ ಸೂಟ್‌ಕೇಸ್ ಇನ್ನೂ ವಿಮಾನದ ಹೊಟ್ಟೆಯಲ್ಲೇ ಇರುತ್ತದೆ. ಹೊರಡಲೇಬೇಕಿದ್ದರೆ ಮೊದಲು ಕಂಪನಿಯ ಸಿಬ್ಬಂದಿಗೆ ತಿಳಿಸಿ, ಸಾಮಾನು ಕೈಗೆ ತೆಗೆದುಕೊಂಡು, ಪ್ರಯಾಣ ಅಲ್ಲಿಗೇ ಮುಗಿಸಿದ್ದಾಗಿ ದಾಖಲಿಸಿ ಹೊರಡಿ.

ಪ್ರಶ್ನೆ: ಮಗಳು ಅಬುಧಾಬಿಯಲ್ಲಿದ್ದಾಳೆ. ತೆಂಗಿನಕಾಯಿ, ಕೊಬ್ಬರಿ, ತುಪ್ಪ, ಮಿಡಿ ಉಪ್ಪಿನಕಾಯಿ, ಒಣಮೀನು, ಒಂದು ಹೆರೆಮಣೆ, ಮಲ್ಲಿಗೆ ಇಷ್ಟು ಒಯ್ಯಬೇಕು. ಯಾವುದು ಕೈಚೀಲಕ್ಕೆ, ಯಾವುದು ಚೆಕ್‌ಇನ್ ಪೆಟ್ಟಿಗೆಗೆ? — ಉಡುಪಿ, ಸುರತ್ಕಲ್, ಉಳ್ಳಾಲ

ಉತ್ತರ: ಪಟ್ಟಿಯಲ್ಲಿ ಮೊದಲು ಹೊಡೆದುಹಾಕಬೇಕಾದ್ದು ಕೊಬ್ಬರಿ. ಕೈಚೀಲದಲ್ಲೂ ಬೇಡ, ಪೆಟ್ಟಿಗೆಯಲ್ಲೂ ಬೇಡ. ಒಣಗಿದ ಕೊಬ್ಬರಿಯಲ್ಲಿನ ಎಣ್ಣೆ ಗಾಳಿ ಸೇರಿದಾಗ ನಿಧಾನವಾಗಿ ಬಿಸಿಯೇರುತ್ತದೆ, ಗಾಳಿಯಾಡದ ಕಡೆ ಒತ್ತಿ ತುಂಬಿದರೆ ತಾನಾಗಿ ಕಿಡಿ ಹತ್ತುವುದುಂಟು. ಹಾಗಾಗಿ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಎಂಬ ಸಂಖ್ಯೆ ಕೊಟ್ಟು, ತಾನೇ ಹೊತ್ತಿಕೊಳ್ಳುವ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. 'ಅಡುಗೆಗೆ ಎರಡೇ ಗಿಟಕು' ಎಂದರೂ ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ತೆರೆಸುತ್ತಾರೆ.

ಹಸಿ ತೆಂಗಿನಕಾಯಿಯ ಕತೆ ಬೇರೆ. ಇಡೀ ಕಾಯಿ ಕೈಚೀಲದಲ್ಲಿ ನಡೆಯುವುದಿಲ್ಲ. ಶಬರಿಮಲೆ ಯಾತ್ರಿಗಳ ಇರುಮುಡಿಗೆ 2024ರ ಅಕ್ಟೋಬರಿನಲ್ಲಿ ಕೆಲವೇ ತಿಂಗಳ ಮಟ್ಟಿಗೆ ವಿನಾಯಿತಿ ಕೊಟ್ಟದ್ದನ್ನು ನೋಡಿದರೆ ಉಳಿದ ಕಾಲದ ನಿಯಮ ಎಷ್ಟು ಬಿಗಿಯೆಂದು ತಿಳಿಯುತ್ತದೆ. ಪೆಟ್ಟಿಗೆಯಲ್ಲಿ ಒಯ್ಯಲು ಹಲವು ಕಂಪನಿಗಳು ಬಿಡುತ್ತವೆ, ಟಿಕೆಟ್ ಕಂಪನಿಗೆ ಫೋನ್ ಮಾಡಿ ಕೇಳಿಯೇ ತುಂಬಿ.

ತುಪ್ಪ, ತೆಂಗಿನೆಣ್ಣೆ, ಉಪ್ಪಿನಕಾಯಿಯ ರಸ ಇವನ್ನೆಲ್ಲ ಭದ್ರತೆಯವರು ದ್ರವವೆಂದೇ ಎಣಿಸುತ್ತಾರೆ. ವಿದೇಶ ಪ್ರಯಾಣದಲ್ಲಿ ಕೈಚೀಲಕ್ಕೆ ತಲಾ 100 ಮಿಲಿಲೀಟರಿನ ಡಬ್ಬಿ, ಅವೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲ. ಡಬ್ಬಿಯಲ್ಲಿ ಅರ್ಧವೇ ತುಪ್ಪ ಇದ್ದರೂ ಲೆಕ್ಕ ಡಬ್ಬಿಯ ಅಳತೆಯದ್ದು. ಮೆಣಸಿನ ಉಪ್ಪಿನಕಾಯಿ ಮತ್ತು ಮೆಣಸಿನ ಪುಡಿಯನ್ನು ಕೈಚೀಲದಿಂದ ತೆಗೆಸುತ್ತಾರೆ. ಕಣ್ಣಿಗೆ ಎರಚಬಹುದೆಂಬುದು ಕಾರಣ. ಪೆಟ್ಟಿಗೆಗೆ ಹಾಕುವಾಗ ಗಾಜಿನ ಭರಣಿ ಬಿಟ್ಟು ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬಳಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಟೇಪು ಸುತ್ತಿ, ಎರಡು ಪದರ ಚೀಲದಲ್ಲಿ ನಿಲ್ಲಿಸಿಡಿ. ಡಬ್ಬಿಯನ್ನು ಕಂಠದವರೆಗೆ ತುಂಬಬೇಡಿ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ರಸ ಹೊರಬರುವುದು ಆಗಲೇ. ಇನ್ನೊಬ್ಬರ ಸೂಟ್‌ಕೇಸಿಗೆ ನಿಮ್ಮ ಮಿಡಿ ಉಪ್ಪಿನಕಾಯಿಯ ವಾಸನೆ ಹತ್ತಿದರೆ ತಕರಾರು ನಿಮ್ಮ ತನಕ ಬರುತ್ತದೆ.

ಒಣಮೀನು ಪೆಟ್ಟಿಗೆಗೆ. ಗಾಳಿ ಹೀರಿ ಸೀಲ್ ಮಾಡಿಸಿ. ಹಸಿಮೀನಿಗೆ ಮಂಜುಗಡ್ಡೆ ಹಾಕಿದರೆ ಕರಗಿ ಸೋರುತ್ತದೆ, ಕಂಪನಿ ತಿರಸ್ಕರಿಸುತ್ತದೆ. ಡ್ರೈ ಐಸ್ ಬಳಸುವುದಾದರೆ ಒಬ್ಬರಿಗೆ 2.5 ಕಿಲೋವರೆಗೆ, ಅದೂ ಕಂಪನಿಯ ಮುಂಗಡ ಒಪ್ಪಿಗೆಯಿಂದ. ಅನಿಲ ಹೊರಹೋಗಲು ಡಬ್ಬಿಗೆ ಸಂದು ಇರಲೇಬೇಕು.

ಹೆರೆಮಣೆ, ಮೆಟ್ಟುಕತ್ತಿ ಪೆಟ್ಟಿಗೆಗೆ ಮಾತ್ರ. ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪು ಹಾಕಿ, ಚೀಲ ತೆರೆದು ನೋಡುವವರ ಕೈಗೆ ತಾಗಬಾರದು. ಮಲ್ಲಿಗೆಗೆ ಭದ್ರತೆಯವರ ತಕರಾರಿಲ್ಲ. ಕಟ್ಟಿದ ಹೂವಿನ ಅಟ್ಟೆಯನ್ನು ಬಾಳೆಎಲೆಯಲ್ಲಿ ಸುತ್ತಿ ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ.

ಪೆಟ್ಟಿಗೆಯ ಆಕಾರದ ಬಗ್ಗೆಯೂ ಒಂದು ಮಾತು. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುವುದು ನಮ್ಮ ಕಡೆಯ ಹಳೆಯ ರೂಢಿ. ಹಗ್ಗದ ಗಂಟು ಕನ್ವೇಯರ್ ಬೆಲ್ಟಿನ ಸಂದಿಗೆ ಸಿಕ್ಕಿ ಬೆಲ್ಟೇ ನಿಲ್ಲುತ್ತದೆ. ದುಬೈ ನಿಲ್ದಾಣವಂತೂ 2017ರಿಂದ ಗುಂಡಗಿನ, ಸೊಟ್ಟಾದ, ಹಗ್ಗ ಕಟ್ಟಿದ ಸಾಮಾನನ್ನು ಒಪ್ಪುತ್ತಿಲ್ಲ. ಒಂದು ಬದಿಯಾದರೂ ಚಪ್ಪಟೆ ಇರಲಿ, ಹಗ್ಗದ ಬದಲು ಅಗಲದ ಟೇಪು ಹಾಕಿ.

ಪ್ರಶ್ನೆ: ಗಸಗಸೆ ಪಾಯಸಕ್ಕೆ ಕಾಲು ಕಿಲೋ ಗಸಗಸೆ ಒಯ್ದರೆ ತೊಂದರೆಯೇ? — ಶಿರಸಿ

ಉತ್ತರ: ಯುಎಇಗೆ ಕಾಲು ಕಿಲೋ ಅಲ್ಲ, ಕಾಲು ಚಮಚವೂ ಬೇಡ. ಗಸಗಸೆ ಅಫೀಮಿನ ಗಿಡದ ಬೀಜ, ಅಲ್ಲಿ ನಿಷಿದ್ಧ. ಬಜ್ಪೆಯ ಭದ್ರತಾ ತಪಾಸಣೆಯಲ್ಲಿ ಇದನ್ನು ಯಾರೂ ತಡೆಯದಿರಬಹುದು, ಏಕೆಂದರೆ ಅವರು ನೋಡುವುದು ವಿಮಾನಕ್ಕೆ ಅಪಾಯವಿದೆಯೇ ಎಂದು. ಸಿಕ್ಕಿಬೀಳುವುದು ಇಳಿದ ಮೇಲೆ, ಅಲ್ಲಿನ ಕಾನೂನಿನಲ್ಲಿ ಇದು ಮಾದಕವಸ್ತುವಿನ ಪ್ರಕರಣ. ಬೇರೆಯವರು ಕಟ್ಟಿಕೊಟ್ಟ ಮಸಾಲೆ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಎಲೆ–ಅಡಿಕೆ ಹಾಕುವ ಅಭ್ಯಾಸವಿದ್ದರೆ ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ ಎಂಬುದು ನೆನಪಿರಲಿ.

ಔಷಧಿಗೂ ಇದೇ ಎಚ್ಚರ. ಕೆಮ್ಮಿನ ಸಿರಪ್‌ನಲ್ಲಿರುವ ಕೋಡೀನ್, ನೋವಿನ ಮಾತ್ರೆಯ ಟ್ರಮಡಾಲ್ ಅಲ್ಲಿ ನಿಯಂತ್ರಿತ ಪದಾರ್ಥಗಳು. ಹೊರಡುವ ಮುಂಚೆ ಅಲ್ಲಿನ ಆರೋಗ್ಯ ಸಚಿವಾಲಯದ ಜಾಲತಾಣದಲ್ಲಿ ಅನುಮತಿ ಪಡೆದು, ವೈದ್ಯರ ಚೀಟಿಯ ಮೂಲಪ್ರತಿ ಜೊತೆಗಿಟ್ಟುಕೊಳ್ಳಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ.

ಪ್ರಶ್ನೆ: ಪವರ್ ಬ್ಯಾಂಕ್ ಎಷ್ಟು ದೊಡ್ಡದಿರಬಹುದು? — ದಾವಣಗೆರೆ

ಉತ್ತರ: 100 ವ್ಯಾಟ್–ಅವರ್ ತನಕ ಕೈಚೀಲದಲ್ಲಿ. ಪೆಟ್ಟಿಗೆಯಲ್ಲಿ ಎಷ್ಟು ಸಣ್ಣದಾದರೂ ಇಲ್ಲ. ಪವರ್ ಬ್ಯಾಂಕಿನ ಮೇಲೆ ಬರೆದ ಎಂಎಎಚ್ ಅಂಕಿಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 20,000ದ್ದು 74, ಆಗಬಹುದು. 30,000ದ್ದು 111, ಕಂಪನಿಯ ಒಪ್ಪಿಗೆ ಬೇಕು. 160 ಮೀರಿದರೆ ಯಾವ ದಾರಿಯೂ ಇಲ್ಲ. ಅಂಕಿ ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ಬಿಡುವುದಿಲ್ಲ. ಪೆಟ್ಟಿಗೆಯಲ್ಲಿ ಬೇಡವೆನ್ನುವುದು ಏಕೆಂದರೆ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಆರಿಸಲು ಜನ ಇರುತ್ತಾರೆ, ಕೆಳಗಿನ ಸರಕು ಕೋಣೆಯಲ್ಲಿ ಇರುವುದಿಲ್ಲ.

ಪ್ರಶ್ನೆ: ತಮ್ಮ ಎಂಟನೇ ತರಗತಿ ಓದಿದ್ದಾನೆ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕು ಎಂದು ಏಜೆಂಟ್ ಹೇಳುತ್ತಾರೆ. ಇಮಿಗ್ರೇಷನ್‌ನಲ್ಲಿ ವಾಪಸ್ ಕಳಿಸುತ್ತಾರಾ? — ಭಟ್ಕಳ

ಉತ್ತರ: ಕಳಿಸಬಹುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಎಂದು ಮುದ್ರಿತವಾಗಿರುತ್ತದೆ. ಯುಎಇ, ಸೌದಿ, ಕುವೈತ್, ಕತಾರ್, ಒಮಾನ್, ಬಹ್ರೈನ್ ಸೇರಿ 18 ದೇಶಗಳಿಗೆ ಇಂಥವರು ಕೆಲಸಕ್ಕೆ ಹೋಗುವುದಾದರೆ ಸರ್ಕಾರದ ಇ–ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಪಡೆದಿರಬೇಕು. 1983ರ ವಲಸೆ ಕಾಯ್ದೆಯ ಕಟ್ಟಳೆಯಿದು. ನಿಜವಾಗಿ ನೆಂಟರನ್ನು ನೋಡಲು ಹೋಗುವವರಿಗೆ ಈ ಅನುಮತಿ ಬೇಡ, ಆದರೆ ವಾಪಸ್ ಟಿಕೆಟ್ ಇರಲೇಬೇಕು. ಎಲ್ಲಿ ಉಳಿಯುತ್ತೀರಿ, ಖರ್ಚು ಯಾರದು ಎಂಬುದಕ್ಕೂ ಕಾಗದ ಕೇಳುತ್ತಾರೆ. ಏಜೆಂಟ್ ಹೇಳಿಕೊಟ್ಟ ಉತ್ತರ ಎರಡನೇ ಪ್ರಶ್ನೆಗೇ ಬಯಲಾಗುತ್ತದೆ, ಟಿಕೆಟ್ ಹಣವೂ ಮುಳುಗುತ್ತದೆ.

ಅಧಿಕಾರಿಯನ್ನು ದಾಟಿಬಿಟ್ಟರೆ ಗೆದ್ದೆವು ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರಲು ಕೈಯಲ್ಲಿ ಕರಾರು ಪತ್ರವೇ ಇರುವುದಿಲ್ಲ. ಏಜೆಂಟರ ಪರವಾನಗಿ ಸಂಖ್ಯೆಯನ್ನು ಇ–ಮೈಗ್ರೇಟ್ ತಾಣದಲ್ಲಿ ಹಾಕಿ ನೋಡಿ. ಸಂಖ್ಯೆ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ತಮ್ಮ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದರೆ ಅಂಕಪಟ್ಟಿ ತೋರಿಸಿ ಇಸಿಆರ್ ಇಲ್ಲದ ಪಾಸ್‌ಪೋರ್ಟ್ ಮಾಡಿಸಬಹುದು.

ಪ್ರಶ್ನೆ: ಆರು ವರ್ಷದ ನಂತರ ಕುವೈತ್‌ನಿಂದ ಬರುತ್ತಿದ್ದೇವೆ. ಎಷ್ಟು ಬಂಗಾರ ತರಬಹುದು? — ಓದುಗ ದಂಪತಿ, ಕುವೈತ್

ಉತ್ತರ: ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಸುಂಕವಿಲ್ಲದ ಮಿತಿ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ, ಒಡವೆ ರೂಪದಲ್ಲಿ ಮಾತ್ರ. ನಾಣ್ಯ, ಬಿಸ್ಕತ್ತು ಈ ಲೆಕ್ಕಕ್ಕೆ ಸೇರದು. ಇವು ಒಂದೇ ಗ್ರಾಂ ಇದ್ದರೂ ಘೋಷಿಸಬೇಕು. ಮಿತಿ ಮೀರಿದೆಯೋ ಇಲ್ಲವೋ ಅನುಮಾನವಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸುವವರ ಕೆಂಪು ಚಾನೆಲ್‌ಗೆ ಹೋಗಿ. ಅಲ್ಲಿ ಕಟ್ಟುವುದು ಸುಂಕ. ಹಸಿರು ಚಾನೆಲ್‌ನಲ್ಲಿ ನಡೆದು ಸಿಕ್ಕಿಬಿದ್ದರೆ ಮುಟ್ಟುಗೋಲು, ದಂಡ. ಅಂಗಡಿಯ ಬಿಲ್ ಕೈಯಲ್ಲಿರಲಿ, ಇಲ್ಲದಿದ್ದರೆ ಬೆಲೆ ಕಟ್ಟುವುದು ಅವರ ಲೆಕ್ಕದಲ್ಲಿ.

ಹೆಚ್ಚಿನವರು ಮರೆಯುವುದು ಇದರ ಇನ್ನೊಂದು ಮಗ್ಗುಲನ್ನು. ಇಲ್ಲಿಂದ ಮದುವೆಗೋ ರಜೆಗೋ ಹೋಗುವಾಗ ಮೈಮೇಲೆ ಹಾಕಿಕೊಂಡು ಹೋದ ಕರಿಮಣಿ, ಬಳೆ, ಸರಗಳು ನಮ್ಮವೇ ಎಂದು ವಾಪಸ್ ಬಂದಾಗ ತೋರಿಸುವುದು ಹೇಗೆ? ಹೊರಡುವ ದಿನ ಕಸ್ಟಮ್ಸ್ ಕೌಂಟರಿನಲ್ಲಿ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ತೂಕ, ವಿವರ, ಮೌಲ್ಯದ ಕಾಗದ ಮೊದಲೇ ಸಿದ್ಧವಿದ್ದರೆ ಬೇಗ ಮುಗಿಯುತ್ತದೆ. ಇದಕ್ಕೆಂದು ಒಂದು ಗಂಟೆ ಮುಂಚೆ ಬನ್ನಿ.

ಪ್ರಶ್ನೆ: ಚಹಾ ತರಲು ಐದು ನಿಮಿಷ ಚೀಲ ಬಿಟ್ಟುಹೋದದ್ದಕ್ಕೆ ನಿಲ್ದಾಣದ ಭದ್ರತೆಯ ಸಿಐಎಸ್‌ಎಫ್‌ನವರು ವಿಚಾರಣೆ ಮಾಡಿದರು. ಇಷ್ಟು ಅತಿ ಬೇಕೇ? — ಬಂಟ್ವಾಳ

ಉತ್ತರ: ಬೇಕು. 2020ರ ಜನವರಿ 20ರಂದು ಇದೇ ಟರ್ಮಿನಲ್‌ನಲ್ಲಿ ವಾರಸುದಾರರಿಲ್ಲದ ಚೀಲವೊಂದರಲ್ಲಿ ಸ್ಫೋಟಕ ಸಿಕ್ಕಿತ್ತು. ಅದನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸಬೇಕಾಯಿತು. ಆ ಚೀಲವನ್ನು ಕಂಡು ಅನುಮಾನಿಸಿದ್ದರಿಂದಲೇ ಜನ ಉಳಿದದ್ದು. 'ಬಾಂಬ್' ಎಂಬ ಮಾತಂತೂ ತಮಾಷೆಗೂ ಬೇಡ. 2022ರ ಆಗಸ್ಟ್ 14ರಂದು ಪ್ರಯಾಣಿಕನೊಬ್ಬ ಗೆಳತಿಯೊಂದಿಗೆ ಮೊಬೈಲಿನಲ್ಲಿ ಮಾಡುತ್ತಿದ್ದ ಅಂಥದೇ ತಮಾಷೆ ಪಕ್ಕದವರ ಕಣ್ಣಿಗೆ ಬಿದ್ದು, ಮುಂಬಯಿ ವಿಮಾನದ ಎಲ್ಲರನ್ನೂ ಇಳಿಸಿ ಸಾಮಾನೆಲ್ಲ ಮತ್ತೆ ತಪಾಸಣೆ ಮಾಡಿದರು. ಹೊರಡುವಾಗ ಗಂಟೆಗಟ್ಟಲೆ ತಡ.

ಪ್ರಶ್ನೆ: ತಂದೆಗೆ 81 ವರ್ಷ, ಪೇಸ್‌ಮೇಕರ್ ಇದೆ, ಮೆಟ್ಟಿಲು ಹತ್ತಲಾಗುವುದಿಲ್ಲ. — ಸುಳ್ಯ

ಉತ್ತರ: ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ, ತಪ್ಪಿದರೆ ಕನಿಷ್ಠ 48 ಗಂಟೆ ಮುಂಚೆ. ಕೇಳುವಾಗ ಸಂಕೇತವನ್ನೂ ಹೇಳಿ. 'ಡಬ್ಲ್ಯುಸಿಎಚ್‌ಆರ್' ಎಂದರೆ ಮೆಟ್ಟಿಲು ಹತ್ತಬಲ್ಲವರು, 'ಡಬ್ಲ್ಯುಸಿಎಚ್‌ಎಸ್' ಮೆಟ್ಟಿಲು ಆಗದವರು, 'ಡಬ್ಲ್ಯುಸಿಎಚ್‌ಸಿ' ಸೀಟಿನ ತನಕ ಕುರ್ಚಿ ಬೇಕಾದವರು. ನಿಮ್ಮ ತಂದೆಯವರಿಗೆ ಎರಡನೆಯದು. ಬರೇ 'ವೀಲ್‌ಚೇರ್' ಎಂದರೆ ಮೊದಲನೆಯದನ್ನೇ ಹಾಕಿಬಿಡುವುದುಂಟು, ಆಮೇಲೆ ಏಣಿಯ ಬುಡದಲ್ಲಿ ಪರದಾಟ. ಪೇಸ್‌ಮೇಕರ್ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟು ತಪಾಸಣೆಗೆ ಮೊದಲೇ ತೋರಿಸಿ. ಕೈಯಲ್ಲಿ ಹಿಡಿಯುವ ಲೋಹಶೋಧಕವನ್ನು ಎದೆಯ ಮೇಲೆ ಆಡಿಸದೆ ಕೈಯಿಂದ ತಪಾಸಣೆ ಮಾಡುತ್ತಾರೆ.

ಪ್ರಶ್ನೆ: ಕುಂದಾಪುರದಿಂದ ಎಷ್ಟು ಹೊತ್ತಿಗೆ ಹೊರಡಬೇಕು? ವೆಬ್ ಚೆಕ್‌ಇನ್ ಆಗಿದ್ದರೆ ತಡವಾದರೂ ನಡೆಯುತ್ತದಲ್ಲ? — ಕುಂದಾಪುರ

ಉತ್ತರ: ಪೆಟ್ಟಿಗೆ ಇದ್ದರೆ ನಡೆಯುವುದಿಲ್ಲ. ದೇಶದೊಳಗಿನ ವಿಮಾನಕ್ಕೆ ಸಾಮಾನು ಕೊಡುವ ಕೌಂಟರ್ 60 ನಿಮಿಷ ಮುಂಚೆ, ಬೋರ್ಡಿಂಗ್ ಗೇಟ್ 25 ನಿಮಿಷ ಮುಂಚೆ ಮುಚ್ಚುವುದು ರೂಢಿ. ಬೆಂಗಳೂರಿನ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ತಲೆಮೇಲಿನ ಗೂಡು ಸಣ್ಣದು, 7 ಕಿಲೋದೊಳಗಿನ ಚೀಲವನ್ನೂ ಬಾಗಿಲಲ್ಲೇ ತೆಗೆದು ಕೆಳಗೆ ಹಾಕುತ್ತಾರೆ. ಔಷಧಿ, ಬಂಗಾರ, ಪವರ್ ಬ್ಯಾಂಕನ್ನು ಅದಕ್ಕೂ ಮೊದಲು ಕೈಗೆ ತೆಗೆದುಕೊಳ್ಳಿ.

ದಾರಿಯ ವಿಷಯ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಂದು ಕೂಳೂರಿನಲ್ಲಿ ತಿರುಗಿ ಕಾವೂರು, ಮರವೂರು ಸೇತುವೆ, ಕೆಂಜಾರು. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಜನ ಸುತ್ತುದಾರಿ ಹಿಡಿಯಬೇಕಾಯಿತು. ಮಳೆಗಾಲದಲ್ಲಿ ಹೊರಡುವ ಮುನ್ನ ಸೇತುವೆಯ ಸುದ್ದಿ ಕೇಳಿಕೊಳ್ಳಿ. ಬಾಡಿಗೆ ಕಾರಿನವರಿಗೆ 'ಬಜ್ಪೆ' ಎಂದಷ್ಟೇ ಹೇಳಿದರೆ ಬಜ್ಪೆ ಪೇಟೆಗೋ ಹಳೆಯ ಟರ್ಮಿನಲ್ ಕಡೆಗೋ ಒಯ್ದಾರು. ಪ್ರಯಾಣಿಕರ ಟರ್ಮಿನಲ್ 2010ರಿಂದ ಕೆಂಜಾರಿನಲ್ಲಿದೆ.

ಪ್ರಶ್ನೆ: ಟಿಕೆಟ್‌ನಲ್ಲಿ ಮಂಗಳೂರಿಗೆ 'ಐಎಕ್ಸ್‌ಇ' ಎಂದಿದೆ. ಏನದು? — ವಿದ್ಯಾರ್ಥಿನಿ, ಹಾಸನ

ಉತ್ತರ: ನಿಲ್ದಾಣದ ಮೂರಕ್ಷರದ ಸಂಕೇತ. ಭಾರತದ ಹಲವು ಊರುಗಳಿಗೆ ಐಎಕ್ಸ್‌ನಿಂದ ಶುರುವಾಗುವ ಸಂಕೇತ ಸಿಕ್ಕಿದೆ. ಬೆಳಗಾವಿ ಐಎಕ್ಸ್‌ಜಿ, ಚಂಡೀಗಢ ಐಎಕ್ಸ್‌ಸಿ. ಹೆಸರಿನ ಅಕ್ಷರ ಹುಡುಕಿ ಫಲವಿಲ್ಲ. ಆದರೆ ಸೂಟ್‌ಕೇಸಿಗೆ ಅಂಟಿಸುವ ಪಟ್ಟಿಯಲ್ಲಿ ಈ ಮೂರಕ್ಷರ ಇದೆಯೇ ಎಂದು ಕೌಂಟರಿನಲ್ಲೇ ನೋಡಿ. ವಿದೇಶದಿಂದ ಬೆಂಗಳೂರು ಮೂಲಕ ಬರುವವರ ಪಟ್ಟಿಯಲ್ಲಿ ಐಎಕ್ಸ್‌ಇ ಎಂದೇ ಇದ್ದರೂ ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಸಾಮಾನು ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. ಭಾರತದಲ್ಲಿ ಮೊದಲು ಇಳಿದ ಊರಿನಲ್ಲೇ ಕಸ್ಟಮ್ಸ್. ಬೆಲ್ಟಿನ ಬಳಿ ನಿಲ್ಲದೆ ಮಂಗಳೂರಿನ ವಿಮಾನ ಹತ್ತಿದರೆ ಸೂಟ್‌ಕೇಸ್ ದೇವನಹಳ್ಳಿಯಲ್ಲೇ ಉಳಿಯುತ್ತದೆ. ಹಾಗಾದರೆ ಕೆಂಜಾರಿನಲ್ಲಿ ಹೊರಬಾಗಿಲು ದಾಟುವ ಮುಂಚೆ ಸಾಮಾನು ಬಂದಿಲ್ಲವೆಂದು ತಿಳಿಸುವ ಪಿಐಆರ್ ಎಂಬ ನಮೂನೆ ತುಂಬಿ ಅದರ ಸಂಖ್ಯೆ ಪಡೆಯಿರಿ. ವಿದೇಶ ಪ್ರಯಾಣದ ಸಾಮಾನು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು.